ಗುಂಪಿಗೆ ಬರಲಿ, ಮಾತ್ರೆ ಬಿಡೋದು ಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಅಪ್ಪನಿಗೆ ಬಿಪಿ 160/100 ಬಂದಿದೆ, ಡಾಕ್ಟರ್ ಮಾತ್ರೆ ಬರೆದಿದ್ದಾರೆ, ಅವನು ಮಾತ್ರೆ ಬೇಡ, ಅಕ್ಕನ ಗಿರಿನಗರದ ಪಾರ್ಕಿನಲ್ಲಿ ಒಟ್ಟಿಗೆ ವಾಕಿಂಗ್ ಮಾಡಿ ಬಿಪಿ ಅಳೆಸಿಕೊಳ್ಳೋ ಗುಂಪಿಗೆ ಸೇರಿದರೆ ಸಾಕು ಅಂತಿದ್ದಾನೆ, ಏನು ಮಾಡಲಿ ಅತ್ತೆ ಅಂತ ಕೇಳಿದ್ದೀಯ. ನಮ್ಮ ತಮ್ಮ ಅಲ್ವಾ, ಇನ್ನೇನು ಹೇಳುತ್ತಾನೆ!

ನಿಮ್ಮ ಮಾವನ ಕಥೆ ನಿಮಗೆಲ್ಲ ಗೊತ್ತೇ ಇದೆ. ಆದರೂ ಕೇಳು. ಮಾತ್ರೆ ತಗೊಂಡು ಅವರ ಬಿಪಿ 130/80ಕ್ಕೆ ಇಳಿದಿತ್ತು. ಗುಂಪಿನಲ್ಲಿ ಒಬ್ಬ ಮಹಾನುಭಾವ, 'ನಾರ್ಮಲ್ ಬಂತಲ್ಲ ಸಾರ್, ಇನ್ಯಾಕೆ ಮಾತ್ರೆ, ಬೆಳಗ್ಗೆ ಸೋರೆಕಾಯಿ ಜ್ಯೂಸ್ ಕುಡೀರಿ' ಅಂದ. ಇವರು ನನಗೂ ಹೇಳದೆ ಮಾತ್ರೆ ಬಿಟ್ಟರು. ಅದು ನಾರ್ಮಲ್ ಆಗಿದ್ದೇ ಮಾತ್ರೆಯಿಂದ! ತಲೆನೋವಿಲ್ಲ, ತಲೆಸುತ್ತಿಲ್ಲ, ಆರಾಮಾಗೇ ಇದ್ದರು. ಬಿಪಿ ಏರಿದರೆ ಗೊತ್ತಾಗುತ್ತೆ ಅನ್ನೋದೇ ಸುಳ್ಳು. ಒಂದಿನ ಬೆಳಗ್ಗೆ ಕಾಫಿ ಕುಡೀತಾ ಕೂತಿದ್ದರು. ಕಾಫಿ ಬಾಯಿಯ ಒಂದು ಕಡೆಯಿಂದ ಇಳಿದು ಬನಿಯನ್ ಮೇಲೆ ಸುರಿಯುತ್ತಿದೆ, ಅವರಿಗೆ ಗೊತ್ತೇ ಇಲ್ಲ. ಏನ್ರೀ ಅಂದರೆ ಮಾತು ತೊದಲುತ್ತಿದೆ. ಲಕ್ವ. 108ಕ್ಕೆ ಫೋನ್ ಮಾಡಿದೆ, ಬೇಗ ತಲುಪಿದ್ದಕ್ಕೆ ಜೀವ ಉಳಿಯಿತು. ಇವತ್ತಿಗೂ ಅಂಗಿ ಗುಂಡಿ ನಾನೇ ಹಾಕಬೇಕು.

ಅದಕ್ಕೇ ಹೇಳುತ್ತೇನೆ, ಡಾಕ್ಟರ್ ಹೇಳದೆ ಮಾತ್ರೆ ಬಿಡಬಾರದು.

ಆ ಸೋರೆಕಾಯಿ ಮನುಷ್ಯ ಆಸ್ಪತ್ರೆ ಕಡೆ ತಲೆಯೂ ಹಾಕಲಿಲ್ಲ, ಬಿಡು. ಅವನನ್ನು ಯಾಕೆ ಅನ್ನಬೇಕು, ನಮ್ಮವರೇ ಏನು ಕಮ್ಮಿ? ಮೊನ್ನೆ ಗೃಹಪ್ರವೇಶದಲ್ಲಿ ಮಾವನ ಎಲೆಗೆ ಉಪ್ಪಿನಕಾಯಿ, ಹಪ್ಪಳ ಹಾಕಬೇಡಿ ಅಂದೆ. ದಿನಕ್ಕೆ ಎಲ್ಲಾ ಸೇರಿ ಒಂದು ಟೀ ಚಮಚದಷ್ಟು ಉಪ್ಪು, 5 ಗ್ರಾಂ ದಾಟಬಾರದು ಅಂತ ಡಾಕ್ಟರೇ ಹೇಳಿದ್ದು. 'ಅತ್ತಿಗೆದು ಎಲ್ಲದರಲ್ಲೂ ಜಾಸ್ತಿ' ಅಂತ ಅಡುಗೆಮನೆಯಲ್ಲಿ ಮಾತಾಡಿದ್ದು ನನಗೆ ಕೇಳಿಸಿತು. ಮಾತಾಡಿದವರು ನಮ್ಮ ಈ ಫ್ಯಾಮಿಲಿ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ನನ್ನ ಮೆಸೇಜಿಗೆ ಹೆಬ್ಬೆಟ್ಟು ಒತ್ತೋದು ಬಿಟ್ಟರೆ, ಮಾವ ಹೇಗಿದ್ದಾರೆ ಅಂತ ಒಂದು ಫೋನ್ ಇಲ್ಲ.

ಏನೋ ಹೇಳೋಕೆ ಹೋಗಿ... ಹಾಂ, ಮಾತ್ರೆ. ಅಪ್ಪ ಮಾತ್ರೆ ಬಿಡಬಾರದು, ಗೊತ್ತಾಯ್ತಾ? ಅವನಿಗೂ ಈ ಆಡಿಯೋ ಕೇಳಿಸು.

ಗುಂಪು ಬೇಡ ಅಂತ ನಾನು ಹೇಳಲ್ಲ, ಮತ್ತೆ. ಮಾವ ಈಗಲೂ ಹೋಗುತ್ತಾರೆ. ಒಬ್ಬರೇ ಆದರೆ ಮಳೆ, ಚಳಿ ಅಂತ ವಾಕಿಂಗ್ ತಪ್ಪಿಸುತ್ತಾರೆ, ಜೊತೆಗೆ ಜನ ಇದ್ದರೆ ನಾಚಿಕೆಗಾದರೂ ಎದ್ದು ಹೊರಡುತ್ತಾರೆ. ಭಾನುವಾರ ಏಳು ಗಂಟೆಗೆ ಅಪ್ಪನನ್ನ ಕಳಿಸು. ಅಳೆಯೋಕೆ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಏನೂ ಬೇಡ. ಬಂದವನು ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರಲಿ, ಕಾಲು ನೆಲದ ಮೇಲಿರಲಿ, ಕೈ ಎದೆ ಮಟ್ಟಕ್ಕೆ. ಅಳೆಯುವಾಗ ಮಾತಾಡಬಾರದು, ಅದೇ ಅವನಿಗೆ ಕಷ್ಟ. ಬಂದ ನಂಬರ್ ಪುಸ್ತಕದಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಮಧ್ಯೆ ನೋಡಿಸಬೇಕಾದರೆ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ದುಡ್ಡಿಲ್ಲದೆ ಬಿಪಿ ನೋಡುತ್ತಾರೆ. ಇವತ್ತಿನ ಮಾತ್ರೆ ತಗೊಂಡನಾ, ಮೊದಲು ಅದನ್ನ ಕೇಳಿ ನನಗೆ ಫೋನ್ ಮಾಡು. ಹೆಬ್ಬೆಟ್ಟು ಬೇಡ.