ಪದಚರ್ಚೆ: ಬೆನ್ನುಹುರಿಯ ‘ನೀರುಗುಳ್ಳೆ’ಗೆ ‘ಓಟೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ದೋಸೆ ಕಾವಲಿಗೆ ಬೆರಳು ತಾಗಿ ಬೊಬ್ಬೆ ಎದ್ದರೂ ಅವಳಿಗೆ ಉರಿಯೇ ಗೊತ್ತಾಗಿರಲಿಲ್ಲ. ಬೆನ್ನೂ ಒಂದು ಬದಿಗೆ ವಾಲುತ್ತಿತ್ತು. ಎಂಆರ್‌ಐಯಲ್ಲಿ ಸಿರಿಂಗೋಮೈಲಿಯಾ ಎಂದು ತಿಳಿಯಿತು. ಆಸ್ಪತ್ರೆಯಲ್ಲಿ ಒಬ್ಬರು ಅದನ್ನು ‘ಬೆನ್ನುಹುರಿಯ ನೀರುಗುಳ್ಳೆ’ ಎಂದು ಬಿಡಿಸಿ ಹೇಳಿದರು. ಅಮ್ಮ ಕೂಡಲೇ ಕೇಳಿದರು: “ಗುಳ್ಳೆ ಬೆನ್ನಲ್ಲಿ ಉಂಟಲ್ಲ, ಮತ್ತೆ ತಲೆಯ ಹಿಂದೆ ಯಾಕೆ ಕೊಯ್ಯುವುದು? ಒಡೆದು ನೀರು ತೆಗೆದರೆ ಆಗುವುದಿಲ್ಲವಾ?”

ಗುಳ್ಳೆ ಎಂದ ಮೇಲೆ ಯಾರಾದರೂ ಹಾಗೆಯೇ ಕೇಳುತ್ತಾರೆ. ಅವಳಿಗಿರುವುದು ಕಿಯಾರಿ ದೋಷ. ಕಿರುಮೆದುಳಿನ ತುದಿ ತಲೆಬುರುಡೆಯ ಅಡಿಯ ತೂತಿನಿಂದ ಕೆಳಗಿಳಿದು, ಮೆದುಳಿಗೂ ಬೆನ್ನುಹುರಿಗೂ ನಡುವೆ ಓಡಾಡುವ ದ್ರವಕ್ಕೆ ಅಡ್ಡ ಕೂತಿದೆ. ಹುರಿಯೊಳಗೆ ನೀರು ತುಂಬಿ ಟೊಳ್ಳಾದದ್ದು ಅದರಿಂದ. ಹಾಗಾಗಿ ಟೊಳ್ಳನ್ನು ಮುಟ್ಟುವುದೇ ಇಲ್ಲ. ಬುರುಡೆಯ ಹಿಂಭಾಗದ ಸ್ವಲ್ಪ ಎಲುಬು, ಕತ್ತಿನ ಮೊದಲ ಮಣಿಯ ಹಿಂದಿನ ಕಮಾನು ತೆಗೆದು ಜಾಗ ಮಾಡಿಕೊಡುತ್ತಾರೆ. ಬೇಕಾದರೆ ಮೆದುಳಿನ ಹೊರಪೊರೆ ಬಿಡಿಸಿ ತೇಪೆ ಹೊಲಿಯುತ್ತಾರೆ. ದಾರಿ ಬಿಟ್ಟುಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಟೊಳ್ಳು ತಿಂಗಳುಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಅಷ್ಟಕ್ಕೂ ಕುಗ್ಗದಿದ್ದರೆ ಹುರಿಗೇ ಸಪೂರ ನಳಿಗೆ ಇಟ್ಟು ನೀರನ್ನು ಬೇರೆಡೆಗೆ ಹರಿಸುವುದೂ ಉಂಟು.

ಮನೆಯವರಿಗೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಲು ಕೂತಾಗ ಪದ ಸಿಗದೆ ಕಷ್ಟವಾಯಿತು. ‘ಗಡ್ಡೆ’ ಎಂದರೆ ಕ್ಯಾನ್ಸರ್ ಎಂದು ಹೆದರುತ್ತಾರೆ. ‘ಕುಹರ’ ಪಠ್ಯಪುಸ್ತಕದ್ದು, ಅಮ್ಮನಿಗೆ ಏನೂ ಹೇಳುವುದಿಲ್ಲ. ‘ಪೊಟರೆ’ ಮರಕ್ಕೇ ಚೆಂದ.

ಆಗ ನೆನಪಾದದ್ದು ಓಟೆ. ನಮ್ಮಲ್ಲಿ ತೋಡಿನ ಬದಿ ಬೆಳೆಯುವ, ಒಳಗೆ ಟೊಳ್ಳಾದ ಸಪೂರ ಬಿದಿರು. 1827ರಲ್ಲಿ ಫ್ರಾನ್ಸಿನ ವೈದ್ಯ ಒಲಿವಿಯೆ ಈ ರೋಗಕ್ಕೆ ಹೆಸರಿಟ್ಟದ್ದು ಗ್ರೀಕಿನ ‘ಸಿರಿಂಕ್ಸ್’ನಿಂದ. ಅದಕ್ಕೆ ಕೊಳವೆ, ಜೊಂಡಿನ ಕೊಳಲು ಎಂದು ಅರ್ಥ. ನಾವು ಚುಚ್ಚಿಸಿಕೊಳ್ಳುವ ಸಿರಿಂಜೂ ಅದೇ ಮೂಲದ್ದು. ಅಂದರೆ ಓಟೆ ಆ ಮೂಲದ ತೀರ ಹತ್ತಿರ ಬರುತ್ತದೆ. ಅವಳ ಎಂಆರ್‌ಐಯಲ್ಲೂ ಆ ಬಿಳಿ ಗೆರೆ ಓಟೆಯ ಹಾಗೆ ಗೆಣ್ಣುಗೆಣ್ಣಾಗಿಯೇ ಕಾಣುತ್ತದೆ. “ಹುರಿಯೊಳಗೆ ಓಟೆ ಬಿದ್ದಿದೆ” ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೀರು ಮೇಲಿಂದ ಕಟ್ಟಿಕೊಂಡದ್ದು” ಎಂದರು.

ನನ್ನ ಅಳುಕು ಒಂದೇ. ಮೈಸೂರು ಕಡೆ ಮಾವಿನ ಗೊರಟಿಗೆ ಓಟೆ, ವಾಟೆ ಎನ್ನುತ್ತಾರೆ. ಅಲ್ಲಿನವರಿಗೆ ‘ಹುರಿಯೊಳಗೆ ಓಟೆ’ ಎಂದರೆ ಗಟ್ಟಿ ವಸ್ತು ಎಂದು ಕೇಳಿಸುತ್ತದೆಯೇ? ‘ನೀರೋಟೆ’ ಎಂದು ಸೇರಿಸಿದರೆ ಸರಿಹೋದೀತೇ? ಬಲ್ಲವರು ದಯವಿಟ್ಟು ತಿಳಿಸಿ, ಹಾಳೆಯನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ.