ಕುಮಟೆಯ ಮನೆ ಮಾರುವ ಮೊದಲು ನೆಲ ಸಮ ಮಾಡಿಸಬೇಕಾ?

ದೊಡ್ಡಣ್ಣ: ಎಲ್ಲರೂ ಓದಿ. ಕುಮಟೆಯ ಮನೆ ಮಾರುವುದು ಅಂತ ಆಯಿತು. ಪಡುಗಡೆ ಕೋಣೆಯ ನೆಲ ಎತ್ತರಿಸಿ ಟೈಲ್ಸ್ ಹಾಕಿಸಿ ಬಣ್ಣ ಹೊಡೆಸುತ್ತೇನೆ. ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಓರೆ ನೆಲ ಕಂಡರೆ ಯಾರೂ ಸರಿಯಾದ ರೇಟು ಹೇಳುವುದಿಲ್ಲ.

ಅಕ್ಕ: ನನಗೆ ಒಪ್ಪಿಗೆ ಇಲ್ಲ. ಇದ್ದ ಹಾಗೇ ಕೊಟ್ಟುಬಿಡೋಣ. ಬೇಕಾದರೆ ಕೆಡವಿ ಕಟ್ಟಿಕೊಳ್ಳಲಿ. ಬೆಲೆ ಇರುವುದು ಜಾಗಕ್ಕೆ ಅಲ್ವಾ?

ತಮ್ಮ: ಹೆದ್ದಾರಿ ಪಕ್ಕ ಇದ್ದಿದ್ದರೆ ಆ ಮಾತು ಸರಿ ಅಕ್ಕಾ. ನಮ್ಮದು ಒಳಗೆ ಗದ್ದೆ ಬಯಲಲ್ಲಿ. ಅಲ್ಲಿ ವಾಸಕ್ಕೆ ಬರುವವರೇ ಕೊಳ್ಳುವುದು, ಅವರು ಮನೆಯನ್ನೂ ನೋಡುತ್ತಾರೆ.

ನಾನು: ಅಣ್ಣಾ, ಟೈಲ್ಸ್ ಸದ್ಯಕ್ಕೆ ಬೇಡ. ಅಪ್ಪಯ್ಯ ಕೊಳ್ಳುವ ಮೊದಲೇ ಅದು ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಕಟ್ಟಿದ ಮನೆ, ಪಡುಗಡೆ ಮಣ್ಣು ಸರಿಯಾಗಿ ಕೂತಿಲ್ಲ, ಆ ಬದಿಯ ಸೂರಿನ ನೀರೆಲ್ಲ ಬೀಳುವುದೂ ಅದೇ ಗೋಡೆಯ ಬುಡಕ್ಕೆ. ನಮ್ಮ ಕಡೆ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ. 1000 ಚದರಡಿ ಮಾಡಿನ ಮೇಲೆ ಅಷ್ಟು ಬಿದ್ದರೆ ಎರಡೂ ಮುಕ್ಕಾಲು ಲಕ್ಷ ಲೀಟರ್ ನೀರು, ಅದರಲ್ಲಿ ಅರ್ಧ ಆ ಬದಿಗೇ. ಮಣ್ಣು ಇಳಿಯದೆ ಏನು ಮಾಡೀತು? ಅದರ ಮೇಲೆ ಮತ್ತೆ ಭಾರ ಹೇರುವುದಾ? 12 ಅಡಿಗೆ 14 ಅಡಿ ಕೋಣೆ, ಒಂದು ಬದಿ 2 ಇಂಚು ಇಳಿದಿದೆ. ಅದನ್ನು ಸಮ ಮಾಡುವ ಕಾಂಕ್ರೀಟೇ ಸುಮಾರು 900 ಕೆಜಿ ಆಗುತ್ತದೆ. ನಾಳೆ ಟೈಲ್ಸ್ ಸಮೇತ ಇಳಿಯುತ್ತದೆ.

ದೊಡ್ಡಣ್ಣ: ಅಷ್ಟು ಹೊತ್ತಿಗೆ ಮಾರಿ ಆಗಿರುತ್ತದೆ.

ನಾನು: ಅದೇ ಬೇಡ ಅನ್ನುವುದು. ಯಾರೋ ಸಾಲ ಮಾಡಿ ಕೊಳ್ಳುತ್ತಾರೆ, ಮಕ್ಕಳನ್ನು ಕರೆದುಕೊಂಡು ಬಂದು ಇರುತ್ತಾರೆ. ಗೋಡೆಯ ಬಿರುಕು ಮುಚ್ಚಿ ಅವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಭಾವ: ಕಾನೂನೂ ಅದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 55ನೇ ಕಲಂ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನು ಸಾಮಾನ್ಯವಾಗಿ ನೋಡಿದರೆ ಕಾಣದಂಥ ದೊಡ್ಡ ದೋಷ ಇದ್ದರೆ ತಿಳಿಸಲೇಬೇಕು. ಈಗ ನೆಲ ಓರೆ ಇರುವುದು ಯಾರಿಗೂ ಕಾಣುತ್ತದೆ. ಟೈಲ್ಸ್ ಹಾಕಿದ ಮೇಲೆ ಕಾಣುವುದಿಲ್ಲ. ಆಗ ಮುಚ್ಚಿಟ್ಟವರು ನಾವೇ ಆಗುತ್ತೇವೆ.

ಅಕ್ಕ: ಹಾಗಾದರೆ ನಾನು ಹೇಳಿದ್ದೇ ಸರಿ. ಹೇಳಿ ಮಾರೋಣ, ಖರ್ಚು ಬೇಡ.

ನಾನು: ಅರ್ಧ ಸರಿ ಅಕ್ಕಾ. ಆದರೆ ಎಷ್ಟು ಕೆಟ್ಟಿದೆ ಅಂತ ನಮಗೇ ಗೊತ್ತಿಲ್ಲದೆ ಹೇಳಿದರೆ ಬಂದವರು ಇನ್ನೂ ಹೆದರಿ ಸಿಕ್ಕಾಪಟ್ಟೆ ಇಳಿಸಿ ಕೇಳುತ್ತಾರೆ. ಹಳೆಯ ಇಳಿತವಾ, ಈಗಲೂ ಇಳಿಯುತ್ತಿದೆಯಾ ಅಂತ ಮೊದಲು ನೋಡಬೇಕು. ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಕೂರಿಸಿ ತಾರೀಕು ಬರೆದಿಡೋಣ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಜೊತೆಗೆ ಸೂರಿಗೆ ಪೈಪ್ ಕಟ್ಟಿಸಿ ನೀರನ್ನು ಅಂಗಳದಾಚೆಯ ಕಾಲುವೆಗೆ ಬಿಡಿಸೋಣ. ಇದು ದೊಡ್ಡ ಖರ್ಚಲ್ಲ, ಯಾರು ಕೊಂಡರೂ ಉಪಯೋಗ. ಮಳೆಗಾಲ ಕಳೆದ ಮೇಲೂ ಗಾಜು ಹಾಗೇ ಇದ್ದರೆ ಅಣ್ಣ ಹೇಳಿದಂತೆ ನೆಲ ಸರಿ ಮಾಡಿಸೋಣ, ಹಗುರಾಗಿ. ಒಡೆದರೆ ಇಂಜಿನಿಯರ್ ಕರೆಸಿ ಅಡಿಪಾಯಕ್ಕೆ ಕೆಳಗಿಂದ ಕಾಂಕ್ರೀಟ್ ಕೊಡಲು ಎಷ್ಟಾಗುತ್ತದೆ ಅಂತ ಬರೆಸಿಕೊಂಡು, ಆ ಕಾಗದವನ್ನೇ ಬಂದವರಿಗೆ ತೋರಿಸಿ ಅಷ್ಟು ಕಡಿಮೆ ತೆಗೆದುಕೊಳ್ಳೋಣ.

ಅತ್ತಿಗೆ: ಆ ಕಾಂಕ್ರೀಟ್ ನಾವೇ ಮಾಡಿಸಿದರೆ?

ನಾನು: ಗೋಡೆಯ ಬುಡ ಒಂದೇ ಸಲ ಅಗೆಯುವ ಹಾಗಿಲ್ಲ ಅತ್ತಿಗೆ, ಮೂರ್ನಾಲ್ಕು ಅಡಿಯ ತುಂಡು ತುಂಡಾಗಿ ಮಾಡಬೇಕು. ಚಿರೇಕಲ್ಲಿನ (ಕೆಂಪು ಮುರಕಲ್ಲಿನ) ಗೋಡೆ, ಕುಸಿದೀತು. ನಿಂತು ಮಾಡಿಸುವವರು ಯಾರು? ನಾವೆಲ್ಲ ಊರು ಬಿಟ್ಟವರು.

ಭಾವ: ಏನೇ ಮಾಡಿಸಿದರೂ ಬಿಲ್ ಇಡಿ. ಅಡಿಪಾಯದ ಕೆಲಸ ಸುಧಾರಣೆ ಖರ್ಚು ಅಂತ ಮಾರಿದ ಲಾಭದ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರಬಹುದು, ಬರೀ ಸುಣ್ಣ ಬಣ್ಣ ಬರುವುದಿಲ್ಲ. ಆಡಿಟರ್ ಹತ್ತಿರ ಕೇಳೋಣ.

ದೊಡ್ಡಣ್ಣ: ಮಳೆಗಾಲ ಕಳೆಯುವವರೆಗೆ ಕಾಯಬೇಕು ಅಂತಾಯಿತು. ನನಗೆ ದುಡ್ಡು ಬೇಗ ಬೇಕಿತ್ತು ಮಾರಾಯ.

ಅಕ್ಕ: ನಿನಗೆ ತುರ್ತಿದ್ದರೆ ನಾನು ಸ್ವಲ್ಪ ಕೊಟ್ಟಿರುತ್ತೇನೆ, ಮಾರಿದ ಮೇಲೆ ಹಿಡಿದುಕೊಂಡರಾಯಿತು. ಫೋನ್ ಮಾಡು.

ತಮ್ಮ: ಟೈಲ್ಸ್ ಅಂಗಡಿಗೆ ಬೇಡ ಅಂತ ಹೇಳಲಾ?

ದೊಡ್ಡಣ್ಣ: ಬೇಡ ಅನ್ನಬೇಡ, ಸದ್ಯಕ್ಕೆ ಇರಲಿ ಅನ್ನು. ಗಾಜು ಕೂರಿಸಲು ಭಾನುವಾರ ನಾನೇ ಹೋಗುತ್ತೇನೆ, ನೀನೂ ಬಾ. ಪೈಪಿನವನಿಗೂ ಅವತ್ತೇ ಬರಲು ಹೇಳು.