ಬಿಸ್ಕೇ ಕೊಲ್ಲಿಯೋ, ಬೋರ್ದೋ ರಿಂಗ್ ರೋಡೋ?

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ರಾಯರ ಮನೆ. ಹೊರಗೆ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡೋ ಮನೆಗಾಡಿ, ನಿಂತಿದೆ. ಒಳಗೆ ಅಡುಗೆಮನೆ ಮೇಜಿನ ಮೇಲೆ ಯುರೋಪಿನ ನಕ್ಷೆ, ಅದರ ಮೇಲೆ ಚುರುಮುರಿ ಬೋಗುಣಿ. ಬೋಗುಣಿ ಸರಿಯಾಗಿ ಫ್ರಾನ್ಸಿನ ಮೇಲೆ ಕೂತಿದೆ. ಹೋಗಬೇಕಾದ್ದು ಸ್ಪೇನಿನ ಉತ್ತರ ಕರಾವಳಿಗೆ, ನಾಲ್ಕು ಜನ, ರಜೆ 14 ದಿನ. ಬೋಗುಣಿಯ ಎಡಗಡೆ ಸಮುದ್ರದಲ್ಲಿ ಇಳಿದು ಹೋಗೋದೋ, ಬೋಗುಣಿಯ ಅಡಿಯಲ್ಲೇ ನುಗ್ಗೋದೋ ಅನ್ನೋದು ಇವತ್ತಿನ ತಕರಾರು.

“ಪೋರ್ಟ್ಸ್‌ಮತ್‌ನಲ್ಲಿ ಹತ್ತುದು, ಸಾಂತಾಂದೇರ್‌ನಲ್ಲಿ ಇಳಿಯುದು. ಇದ್ರಲ್ಲಿ ಚರ್ಚೆ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?” ಅಂದರು ಭಟ್ರು. ಕರಾವಳಿಯವರು. ನೀರು ಕಂಡಲ್ಲೆಲ್ಲ ಅವರಿಗೆ ದಾರಿ ಕಾಣುತ್ತೆ.

“ಎಷ್ಟು ತಾಸ್ರೀ?” ಇದು ಹುಬ್ಬಳ್ಳಿಯ ಪಾಟೀಲ್ರು. ಸ್ಟೇರಿಂಗ್ ಬಿಟ್ಟರೆ ಕೈ ಎಲ್ಲಿಡಬೇಕು ಅಂತ ತಿಳಿಯದ ಜನ.

“ಪ್ಲಿಮತ್‌ನಿಂದಾದ್ರೆ 20 ಗಂಟೆ ಹತ್ರ. ಪೋರ್ಟ್ಸ್‌ಮತ್‌ನಿಂದ 24ರಿಂದ 33. ಒಂದು ರಾತ್ರಿದೂ ಉಂಟು, ಎರಡು ರಾತ್ರಿದೂ ಉಂಟು. ಟಿಕೆಟ್ ತೆಗೀವಾಗ ಹೊರಡುವ ಹೊತ್ತು ನೋಡಿದ್ರೆ ಸಾಲದು, ಮುಟ್ಟುವ ದಿನ ನೋಡ್ಬೇಕು. ಬಿಲ್ಬಾವ್‌ಗೂ ಹಡಗು ಉಂಟು. ಸಾಂತಾಂದೇರ್‌ನಿಂದ ಅದು ಬರೇ 100 ಕಿಲೋಮೀಟರ್. ಯಾವುದು ಅಗ್ಗವೋ ಅದು.”

“33 ತಾಸು! ಅಷ್ಟೊತ್ತಿನಾಗ ನಾ ಗಾಡಿ ಹೊಡಕೊಂಡು ಹೋಗಿ, ಸ್ನಾನಾ ಮಾಡಿ, ನಿಮ್ಮನ್ನ ಕರಕೊಳ್ಳಾಕ ಬಂದರಕ್ಕ ಬರ್ತೀನ್ರಿ. ಫೋಕ್‌ಸ್ಟನ್‌ನಾಗ ಸುರಂಗದ ರೈಲಿಗೆ ಗಾಡಿ ಏರಿಸಿದ್ರ 35 ನಿಮಿಷಕ್ಕ ಆಕಡೆ ದಂಡಿ. ಹಡಗಾನ ಬೇಕಂದ್ರ ಡೋವರ್‌ನಿಂದ ಕ್ಯಾಲೆಗೆ ಒಂದೂವರಿ ತಾಸು. ಅಲ್ಲಿಂದ ರೂಆಂ, ಲ ಮಾನ್, ತೂರ್, ಪ್ವಾತ್ಯೇ, ಬೋರ್ದೋ, ಬಯೋನ್, ಇರೂನ್. ದಾರಿ ನೀರ ಕುಡದಂಗ!”

ರಾಯರು ಕನ್ನಡಕ ಏರಿಸಿದರು. ಅವರ ಕೈಗೆ ಪೆನ್ಸಿಲ್ ಬಂದರೆ ಯಾರದೋ ಉತ್ಸಾಹ ಇಳಿಯಿತು ಅಂತಲೇ ಅರ್ಥ. “ಕ್ಯಾಲೆಯಿಂದ ಸಾಂತಾಂದೇರ್ 1,250 ಕಿ.ಮೀ. ಆಸುಪಾಸು. ಮನೆಯಿಂದ ಡೋವರ್‌ಗೇ 200. ಅದನ್ನ ನೀವು ಎಣಿಸೋದೇ ಇಲ್ಲ. ಪೋರ್ಟ್ಸ್‌ಮತ್ ಅದರ ಅರ್ಧ ದೂರ. ಇನ್ನು ನಮ್ಮ ಗಾಡಿ ಕಾರಲ್ಲ, ಗೋಡೆ. ಗಾಳಿಗೆ ಎದೆ ಕೊಟ್ಟು ಹೋಗತ್ತೆ. 95ರಲ್ಲಿ ಹೋದರೆ ನೂರು ಕಿಲೋಮೀಟರಿಗೆ 11 ಲೀಟರ್ ಡೀಸೆಲ್, 115ಕ್ಕೆ ತುಳಿದರೆ ಇನ್ನೂ ಎರಡು ಮೂರು ಲೀಟರ್ ಗಾಳಿಗೆ ನೈವೇದ್ಯ. ತಿಂಡಿ, ಊಟ, ಶೌಚ ಎಲ್ಲ ಸೇರಿ ಸರಾಸರಿ 75 ಬಂದರೆ ಪುಣ್ಯ. ಅಂದರೆ 16–17 ಗಂಟೆ. ಎರಡು ದಿನದಲ್ಲಿ ಮುಗಿಸಬಹುದು, ಮೂರನೇ ದಿನ ಸೊಂಟ ಮಾತಾಡಿಸಲ್ಲ.”

“ಡೀಸೆಲ್ ಎಷ್ಟಾತು?”

“138 ಲೀಟರ್. ಲೀಟರಿಗೆ 1.65 ಯೂರೋ ಅಂತ ಹಿಡಿದರೆ 228 ಯೂರೋ. ಒಂದು ಕಡೆಗೆ.”

“ಹೈವೇದಾಗ ತುಂಬಿಸಬ್ಯಾಡ್ರಿ. ಊರೊಳಗ ಸೂಪರ್‌ಮಾರ್ಕೆಟ್‌ನವರ ಪಂಪ್ ಇರ್ತಾವು, ಅಲ್ಲಿ ಅಗ್ಗ. ಆದ್ರ ಒಂದ ಮಾತ. ಒಳಗ ಹೋಗೂಕಿಂತ ಮೊದ್ಲ ಎತ್ತರದ ಬೋರ್ಡ್ ನೋಡ್ರಿ. 2 ಮೀಟರಿನ ಕಂಬಿ ಅಡ್ಡ ಹಾಕಿರ್ತಾರ. ಮತ್ತ ಕಾರ್ಡ್ ತುರುಕಿದ ಕೂಡ್ಲೇ ನೂರರ ಮ್ಯಾಲಿನ ಮೊತ್ತ ಹಿಡದಿಟ್ಟಕೊಂಡು, ಆಮ್ಯಾಲ ಬಿಡ್ತಾವು. ರೊಕ್ಕ ಹೋತು ಅಂತ ಅಲ್ಲೇ ನಿಂತು ಒದರಬಾರದು.”

“ಟೋಲ್ ಮರೆತ್ರಿ,” ಅಂದರು ರಾಯರು.

ಟೋಲ್ ಅಂದ ಕೂಡಲೇ ಪಾಟೀಲ್ರು ಚುರುಮುರಿ ಕಡೆ ನೋಡಿದರು. ಭಟ್ರಿಗೆ ಅದೇ ಸಾಕಾಯಿತು.

“ಹೇಳಿ ಪಾಟೀಲ್ರೆ, ಟೋಲಿಗೆ ನಮ್ಮ ಗಾಡಿ ಎಷ್ಟನೇ ಕ್ಲಾಸು?”

“ಎರಡನೇದ್ರೀ. ಎತ್ತರ 2 ಮೀಟರ್ ದಾಟಿ 3ರ ಒಳಗ, ತೂಕ 3.5 ಟನ್ ಒಳಗ ಇದ್ರ ಎರಡನೇ ಕ್ಲಾಸು. ನೆತ್ತಿ ಮ್ಯಾಲ ಡಿಶ್ಶು, ಪೆಟ್ಟಿಗಿ ಇಟ್ಟು 3 ಮೀಟರ್ ದಾಟಿದ್ರ ಮೂರನೇದು, ಲಾರಿ ಸಾಲಿಗೆ ಸೇರಿದಂಗ. ಕೆಲವೊಮ್ಮೆ ಮಶೀನು ತಪ್ಪು ಅಳದು ಮೂರನೇದ್ರ ರೇಟು ತೋರಸ್ತದ. ಆವಾಗ ರೊಕ್ಕ ಹಾಕಬಾರದು. ಸಹಾಯದ ಗುಂಡಿ ಒತ್ತಿ ‘ಕ್ಲಾಸ್ ದೂ’ ಅನ್ರಿ, ತಿದ್ದತಾರ. ಒಟ್ಟ ನೂರು ಯೂರೋ ದಾಟತದ, ಒಪ್ಪಿದೆ. ಆದ್ರ ಪ್ವಾತ್ಯೇದಿಂದ ಬೋರ್ದೋ ತನಕ ಎನ್10 ಐತಿ ನೋಡ್ರಿ, ಜೋಡಿರಸ್ತೆ, ಪುಕ್ಕಟೆ.”

“ಪುಕ್ಕಟೆ ಅಂತ ಇಡೀ ಯುರೋಪಿನ ಲಾರಿಗಳೂ ಅಲ್ಲೇ ಬರ್ತಾವೆ,” ಅಂದರು ರಾಯರು. “ಇನ್ನೊಂದು. ನಮ್ಮದು ಬಲಗಡೆ ಸ್ಟೇರಿಂಗ್, ಟೋಲ್ ಕಿಂಡಿ ಎಡಗಡೆ. ಅಲ್ಲಿ ಕೂತವರೇ ಅರ್ಧ ಮೈ ಹೊರಗೆ ಚಾಚಿ ಚೀಟಿ ಕೀಳಬೇಕು, ದುಡ್ಡು ಕಟ್ಟಬೇಕು.”

“ಅಂದ್ರೆ ನಾನು,” ಅಂತ ಒಲೆ ಕಡೆಯಿಂದ ದನಿ ಬಂತು. ರಾಯರ ಹೆಂಡತಿ, ಎಲ್ಲರಿಗೂ ಅತ್ತಿಗೆ. ಅಲ್ಲಿಯವರೆಗೆ ಅವರು ಮಾತಾಡಿರಲಿಲ್ಲ.

“ಗಾಜಿಗೆ ಅಂಟಿಸೋ ಲಿಬರ್-ಟಿ ಅಂತ ಟ್ಯಾಗ್ ಸಿಗತ್ತೆ ಕಣೇ. ನಮ್ಮ ಫಾಸ್ಟ್ಯಾಗ್ ತರಹ. ಅದನ್ನ ತರಿಸಿಬಿಟ್ರೆ ನೀನು ಕೈ ಚಾಚೋದು ತಪ್ಪತ್ತೆ. ಎರಡನೇ ಕ್ಲಾಸಿಗೆ ಅಂತ ಹೇಳೇ ತರಿಸಬೇಕು. ಕಮ್ಮಿ ಎತ್ತರದವರಿಗೆ ಅಂತ ಬೇರೆ ಸಾಲು ಇರತ್ತೆ, 2 ಮೀಟರ್ ಅಂತ ಬರೆದಿರ್ತಾರೆ, ಅದಕ್ಕೆ ಮಾತ್ರ ನುಗ್ಗಬಾರದು. ದಾರಿ ತಪ್ಪಿ ನಾರ್ಮಂಡಿಯಿಂದ ಪ್ಯಾರಿಸ್ ಕಡೆ ಹೋಗೋ ಎ13 ಹಿಡಿದರೆ ಕಿಂಡಿಯೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಬರ್ಕೊಳತ್ತೆ, 72 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ನಾವೇ ಹೋಗಿ ಕಟ್ಟಬೇಕು. ಗೇಟು ಕಾಣಲಿಲ್ಲ ಅಂತ ಸುಮ್ಮನಿದ್ದರೆ ದಂಡ ಮನೆಗೆ ಬರತ್ತೆ.”

“ಮತ್ತೆ ಬೋರ್ದೋ?” ಭಟ್ರು ಬಿಡಲಿಲ್ಲ.

ಪಾಟೀಲ್ರು ಉಸಿರುಬಿಟ್ಟರು. ಊರಿನ ಸುತ್ತ ಹೋಗೋ ರೊಕಾದ್ ಅನ್ನೋ ವರ್ತುಲ ರಸ್ತೆ, ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆ ಇದ್ದ ಹಾಗೆ. ಆನೆ ಮಾತ್ರ ಇರಲ್ಲ. ಹಿಂದಿನ ರಾತ್ರಿ ಊರಿಂದ ಉತ್ತರಕ್ಕೇ ತಂಗಿ, ಬೆಳಿಗ್ಗೆ ಏಳರೊಳಗೆ ದಾಟಬೇಕು. ಆಗಸ್ಟ್ ಮೊದಲ ಶನಿವಾರಗಳಂತೂ ಬೇಡವೇ ಬೇಡ. ಬೀಸೋಂ ಫ್ಯೂತೇ ಅನ್ನೋ ಸರ್ಕಾರಿ ಸಂಚಾರ ಮುನ್ಸೂಚನೆ ಇದೆ. ದಿನಕ್ಕೆ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣ ಕೊಡುತ್ತೆ. ಕಪ್ಪು ಅಂದರೆ ಅಮಾವಾಸ್ಯೆ, ಪ್ರಯಾಣ ನಿಷಿದ್ಧ.

“ರಾತ್ರಿ ಎಲ್ಲಿ ತಂಗೋದು? ಹೈವೇ ಪಕ್ಕದಲ್ಲೇನಾ?” ಅತ್ತಿಗೆ.

“ಬ್ಯಾಡ್ರಿ ವೈನಿ! ಹೈವೇ ಆಸ್ರೇದಾಗ ಲಾರಿ ಸಪ್ಪಳ, ಮ್ಯಾಲ ಕಳ್ಳರ ಕಾಟ. ಒಂದೈದು ಕಿಲೋಮೀಟರ್ ಒಳಗ ಹೋದ್ರ ಊರಿನವರೇ ಮೋಟರ್‌ಹೋಮ್‌ಗೆ ಅಂತ ಜಾಗಾ ಮಾಡಿರ್ತಾರ. ಕೆಲವು ಪುಕ್ಕಟೆ, ಕೆಲವು ಹತ್ತು ಹದಿನೈದು ಯೂರೋ. ನೀರು ತುಂಬೂ ನಳಾ, ಹೊಲಸು ನೀರು ಬಿಡೂ ಜಾಗಾ, ಶೌಚದ ಡಬ್ಬಿ ಖಾಲಿ ಮಾಡೂ ಕುಳಿ. ಎಲ್ಲಾ ಇರ್ತದ. ಫ್ರಾನ್ಸಿನಾಗ ಇಂಥಾವು ಸಾವಿರಗಟ್ಟಲೆ ಅದಾವ. ರಸ್ತಾದ ಸುಖ ಅಂದ್ರ ಅದಾ.”

“ಆ ಡಬ್ಬಿ ಖಾಲಿ ಮಾಡೋದು?”

ಯಾರೂ ಮಾತಾಡಲಿಲ್ಲ. ಭಟ್ರು ಸಮಯ ನೋಡಿ ಹಡಗು ಬಿಟ್ಟರು.

“ಹಡಗಲ್ಲಿ ಅದೆಲ್ಲ ಇಲ್ಲ ಅಕ್ಕ. ಕ್ಯಾಬಿನ್ ಉಂಟು, ಬಿಸಿನೀರು ಉಂಟು. ಡೆಕ್ಕಿನ ಮೇಲೆ ನಿಂತ್ರೆ ಡಾಲ್ಫಿನ್ ಕಾಣ್ತದೆ. ಅದೃಷ್ಟ ಇದ್ರೆ 20 ಮೀಟರ್ ಉದ್ದದ ಫಿನ್ ತಿಮಿಂಗಿಲ. ಬಿಸ್ಕೇ ಕೊಲ್ಲಿಯಲ್ಲಿ ಸಮುದ್ರದ ತಳ 200 ಮೀಟರಿಂದ ಒಮ್ಮೆಲೇ 4,000 ಮೀಟರಿಗೆ ಬೀಳ್ತದೆ. ಆ ಕಮರಿಯಲ್ಲಿ ಅವಕ್ಕೆ ಊಟ ಸಮೃದ್ಧಿ.”

“ಅದೇ ಕಮರಿಯಿಂದ ತಾನೇ ಹೊಟ್ಟೆ ತೊಳಸೋದೂ?” ರಾಯರ ಪೆನ್ಸಿಲ್ ಮತ್ತೆ ಎದ್ದಿತು. “ಅಟ್ಲಾಂಟಿಕ್ ಅಲೆ ಪಶ್ಚಿಮದಿಂದ ಬರತ್ತೆ, ಆಳ ಕಮ್ಮಿಯಾದಲ್ಲಿ ಎತ್ತರ ಏಳತ್ತೆ. ಹಡಗು ಹೋಗೋದು ಉತ್ತರದಿಂದ ದಕ್ಷಿಣಕ್ಕೆ. ಅಂದರೆ ಅಲೆ ಬಡಿಯೋದು ಪಕ್ಕೆಗೆ. ತೊಟ್ಟಿಲು!”

“ಬೇಸಗೆಯಲ್ಲಿ ಹೆಚ್ಚಿನ ದಿನ ಸೌಮ್ಯ ಇರ್ತದೆ. ಅಕ್ಟೋಬರ್‌ನಿಂದ ಮಾರ್ಚ್ ಆದ್ರೆ ನಾನೇ ಬೇಡ ಹೇಳ್ತೇನೆ. ಕ್ಯಾಬಿನ್ ಹಿಡಿವಾಗ ಹಡಗಿನ ಮಧ್ಯದ್ದು, ಕೆಳಗಿನ ಡೆಕ್ಕಿದು ಹಿಡೀಬೇಕು, ಅಲ್ಲಿ ಓಲಾಟ ಕಮ್ಮಿ. ಮೂತಿಯ ಹತ್ರ ದೊಡ್ಡ ಕಿಟಕಿ ಉಂಟು ಅಂತ ದುಡ್ಡು ಕೊಟ್ಟು ತಗೊಳ್ಳುದು ಮೇಲೆ ಕೆಳಗೆ ಹೋಗ್ಲಿಕ್ಕೆ. ಸಿನ್ನರಿಜಿನ್ ಮಾತ್ರೆ ಹೊರಡುವ 2 ಗಂಟೆ ಮೊದ್ಲೇ ನುಂಗ್ಬೇಕು. ವಾಂತಿ ಶುರು ಆದ ಮೇಲೆ ನುಂಗಿದ ಮಾತ್ರೆ ಮೀನಿಗೆ.”

“ದರ ಹೇಳಿ ಭಟ್ರೇ.”

ಈ ಸಲ ಚುರುಮುರಿ ನೋಡೋ ಸರದಿ ಭಟ್ರದು. ಬೇಸಿಗೆ ರಜೆಯಲ್ಲಿ ಏಳು ಮೀಟರ್ ಗಾಡಿ, ನಾಲ್ಕು ಜನ, ಕ್ಯಾಬಿನ್ ಅಂದರೆ ಹೋಗಿಬರೋಕೆ ಸಾವಿರ ಪೌಂಡ್ ಸಲೀಸಾಗಿ ದಾಟುತ್ತೆ. ಪಿ ಆ್ಯಂಡ್ ಓ ಕಂಪನಿ 2010ರಲ್ಲೇ ತನ್ನ ಬಿಲ್ಬಾವ್ ಹಡಗು ನಿಲ್ಲಿಸಿತು. ಈಗ ಇಂಗ್ಲೆಂಡಿನಿಂದ ಸ್ಪೇನಿಗೆ ಗಾಡಿ ಸಮೇತ ಒಯ್ಯೋದು ಬ್ರಿಟನಿ ಫೆರೀಸ್ ಒಂದೇ. ಒಂದೇ ಅಂಗಡಿ ಇರೋ ಊರಲ್ಲಿ ಚೌಕಾಸಿ ನಡೆಯಲ್ಲ.

“ರಸ್ತೆ ಅಗ್ಗ ಅಂದಂಗಾತು!”

“ಅಗ್ಗವೇ. ಆದ್ರೆ ನೀವು ಎಣಿಸಿದಷ್ಟು ಅಲ್ಲ,” ಅಂದರು ರಾಯರು. “ಡೀಸೆಲ್, ಟೋಲ್, ಸುರಂಗ, ಎರಡು ರಾತ್ರಿ, ದಾರಿಯ ಕಾಫಿ. ಅದಕ್ಕಿಂತ ದೊಡ್ಡ ಖರ್ಚು ದಿನಗಳದ್ದು. ಹೋಗೋಕೆ ಮೂರು, ಬರೋಕೆ ಮೂರು. ಹದಿನಾಲ್ಕರಲ್ಲಿ ಆರು ಹೋಯ್ತು. ಹಡಗಾದ್ರೆ ಎರಡು ಮೂರು.”

ಅಷ್ಟರಲ್ಲಿ ಅತ್ತಿಗೆ ಬೋಗುಣಿ ಎತ್ತಿ, ಹೊಲಿಗೆ ಡಬ್ಬಿಯಿಂದ ದಾರ ತಂದು ನಕ್ಷೆ ಮೇಲೆ ಹಾಸಿದರು. “ನಾವು ಹೋಗ್ತಿರೋದು ಪೀಕೋಸ್ ಬೆಟ್ಟಕ್ಕೆ, ಆಮೇಲೆ ಗಲೀಸಿಯಾಗೆ. ಹಡಗು ಇಳಿಸೋದೇ ಅದರ ಬಾಗಿಲಲ್ಲಿ. ಬಾರ್ಸಿಲೋನಾ ಆಗಿದ್ರೆ ಸಾಂತಾಂದೇರಿಂದ ಇನ್ನೂ 700 ಕಿಲೋಮೀಟರ್ ಓಡಿಸ್ಬೇಕಿತ್ತು. ಆಗ ಪಾಟೀಲ್ರು ಹೇಳಿದ್ದೇ ಸರಿ.”

“ಆವಾಗ ಕ್ಲೆರ್ಮೋಂ-ಫೆರಾಂದಿಂದ ಎ75 ಹಿಡೀಬೇಕ್ರಿ ವೈನಿ. ಮಿಯೋ ಸೇತುವೆ ಒಂದಕ್ಕ ಬಿಟ್ರ ಟೋಲೇ ಇಲ್ಲ. ಎರಡೂವರಿ ಕಿಲೋಮೀಟರ್ ಸೇತುವೆ, ಕಂಬದ ತುದಿ 343 ಮೀಟರ್…” ಪಾಟೀಲ್ರ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿಯದ್ದೂ ಇರಬಹುದು.

“ವೀಸಾ?” ಅಂದರು ರಾಯರು. ಇಬ್ಬರದು ಇನ್ನೂ ಭಾರತದ ಪಾಸ್‌ಪೋರ್ಟ್. ಷೆಂಗೆನ್ ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಒಂದೇ ವೀಸಾ. ಅದರ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಇರೋ ದೇಶಕ್ಕೆ, ಅಂದರೆ ಸ್ಪೇನಿಗೆ, ಯಾವ ದಾರಿಯಲ್ಲಿ ಹೋದರೂ. ವ್ಯತ್ಯಾಸ ತಪಾಸಣೆ ಎಲ್ಲಿ ಅನ್ನೋದರಲ್ಲಿ. ಡೋವರ್, ಫೋಕ್‌ಸ್ಟನ್‌ಗಳಲ್ಲಿ ಫ್ರೆಂಚ್ ಪೊಲೀಸರು ಇಂಗ್ಲೆಂಡಿನ ನೆಲದಲ್ಲೇ ಕೂತು ನೋಡ್ತಾರೆ. ಕಾಗದ ಸರಿ ಇಲ್ಲ ಅಂದರೆ ಸಂಜೆಯೊಳಗೆ ಮನೆ. ಸಾಂತಾಂದೇರ್‌ನಲ್ಲಿ ಸ್ಪೇನಿನವರು ನೋಡೋದು ಇಳಿದ ಮೇಲೆ. ಒಂದಿಡೀ ದಿನದ ಸಮುದ್ರಯಾನ ಮುಗಿಸಿ, ತಿಮಿಂಗಿಲ ನೋಡಿ, ಆಮೇಲೆ ವಾಪಸು ಅಂದರೆ ಬಲು ತುಟ್ಟಿ ತಿಮಿಂಗಿಲ. ಅದಕ್ಕೇ ಹತ್ತುವ ಮುಂಚೆ ಹಡಗಿನವರೂ ಕಾಗದ ಕೇಳ್ತಾರೆ.

“ಸಾಮಾನಿನ ಪಟ್ಟಿ ಓದ್ತೀನಿ,” ಅಂದರು ಅತ್ತಿಗೆ. “ತುಪ್ಪ ಒಂದು ಕೆ.ಜಿ., ಮೊಸರು—”

“ಎರಡೂ ಬಿಡಬೇಕು ಕಣೇ. ಬ್ರೆಕ್ಸಿಟ್ ಆದಮೇಲೆ ಇಲ್ಲಿಂದ ಹಾಲಿನ ಪದಾರ್ಥ, ಮಾಂಸ ಯಾವುದೂ ಒಯ್ಯೋ ಹಾಗಿಲ್ಲ. ಹಣ್ಣು ತರಕಾರಿಗೂ ಸಸ್ಯಪ್ರಮಾಣಪತ್ರ ಬೇಕು. ಕರಿಬೇವೂ ಇಲ್ಲ.”

“ಪುಟ್ಟ ಕಟ್ಟು ಕರಿಬೇವು!”

“ಕಡ್ಡಿಯೂ ಇಲ್ಲ. ಪ್ರಮಾಣಪತ್ರ ಬೇಡ ಅಂತ ಬಿಟ್ಟಿರೋದು ಐದೇ ಹಣ್ಣು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ದುರಿಯನ್.”

“ಹಣ್ಣುಕಾಯಿ ಬಿಟ್ಟಿದ್ದಾರಲ್ಲ! ಬ್ರಸೆಲ್ಸ್‌ನಲ್ಲಿ ಯಾರೋ ನಮ್ಮವರು ಇರ್ಬೇಕು,” ಅಂದರು ಭಟ್ರು.

“ಧಾರವಾಡ ಪೇಢೆ?” ಪಾಟೀಲ್ರ ದನಿ ಸಣ್ಣಗಾಗಿತ್ತು.

“ಖೋವಾದ್ದು. ಕಸ್ಟಮ್ಸ್‌ನವರ ಮುಂದೆ ಅದು ಹಾಲೋ ಮಿಠಾಯಿಯೋ ಅಂತ ವಾದ ಮಾಡೋದಕ್ಕಿಂತ ಗೇಟು ದಾಟೋ ಮುಂಚೆ ತಿಂದು ಮುಗಿಸೋದು ವಾಸಿ.”

“ಫ್ರಿಜ್ಜಿನಲ್ಲಿ ಹಿಟ್ಟು ಇಡಬಹುದು ತಾನೇ?”

ಇಲ್ಲಿ ಭಟ್ರು ಪ್ರಾಮಾಣಿಕರಾದರು. ಹಡಗಿನಲ್ಲಿ ಗ್ಯಾಸು ಸಿಲಿಂಡರಿನ ತಲೆಯಲ್ಲೇ ಬಂದ್ ಮಾಡಬೇಕು. ಫ್ರಿಜ್ಜಿಗೆ 12 ವೋಲ್ಟ್ ಕರೆಂಟು ಬರೋದು ಎಂಜಿನ್ ಓಡುವಾಗ ಮಾತ್ರ. ಹಾಗಾಗಿ ಗ್ಯಾಸಿನ ಫ್ರಿಜ್ಜು ಅಷ್ಟೂ ಹೊತ್ತು ಬರೀ ಕಪಾಟು. ಹಡಗು ಹೊರಟ ಮೇಲೆ ವಾಹನದ ಡೆಕ್ಕಿಗೆ ಇಳಿಯಲು ಬಿಡೋಲ್ಲ. ಹಿಂದಿನ ರಾತ್ರಿಯೇ ಎರಡು ಲೀಟರಿನ ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿ, ಫ್ರಿಜ್ಜಿನಲ್ಲಿ ಸಂದಿಲ್ಲದ ಹಾಗೆ ತುಂಬಿ ಬಾಗಿಲು ಹಾಕಿದರೆ ತಂಪು ನಿಲ್ಲುತ್ತೆ. ದೋಸೆ ಹಿಟ್ಟು? ಉಕ್ಕಿ ಬಂದೀತು. ರಾತ್ರಿಯ ಬಟ್ಟೆ, ಮಾತ್ರೆ, ಚಾರ್ಜರ್ ಬೇರೆ ಚೀಲದಲ್ಲಿ ಮೊದಲೇ ಮೇಲೆ ಒಯ್ಯಬೇಕು. ಗಾಡಿಯ ಅಲಾರಾಮಿನ ಒಳಸೆನ್ಸರ್, ಓಲುಸೆನ್ಸರ್ ಎರಡೂ ಆಫ್ ಮಾಡಬೇಕು. ಇಲ್ಲಾಂದ್ರೆ ಒಂದೊಂದು ಅಲೆಗೂ ಅದು ಕಳ್ಳ ಕಳ್ಳ ಅಂತ ಕೂಗಿ, ಸ್ಪೇನ್ ಮುಟ್ಟುವಾಗ ಬ್ಯಾಟರಿ ಸತ್ತಿರುತ್ತೆ, ಹಿಂದೆ ಇನ್ನೂರು ಗಾಡಿ ಹಾರ್ನ್ ಹಾಕ್ತಿರುತ್ತೆ.

“ಪಟ್ಟಿ ಮುಗಿದಿಲ್ಲ. ಅಕ್ಕಿ 10 ಕೆ.ಜಿ., ಗ್ರೈಂಡರ್—”

“ಗ್ರೈಂಡರ್?” ರಾಯರು ಪೆನ್ಸಿಲ್ ಕೆಳಗಿಟ್ಟರು. “ಗಾಡಿಯ ಮಿತಿ 3,500 ಕೆ.ಜಿ. 1997ರ ಜನವರಿ ಆದಮೇಲೆ ಲೈಸೆನ್ಸ್ ತಗೊಂಡವರು ನಾವು, ಅದಕ್ಕಿಂತ ಭಾರದ್ದು ಓಡಿಸೋ ಹಾಗೇ ಇಲ್ಲ. ಕಾಗದದ ಮೇಲೆ 400 ಕೆ.ಜಿ. ಹೇರಬಹುದು. ಡ್ರೈವರ್ ಬಿಟ್ಟು ಮೂವರು, 210. ಪಕ್ಕದ ಚಪ್ಪರ 30. ಎರಡನೇ ಬ್ಯಾಟರಿ 25. ಹಿಂದಿನ ಸ್ಟ್ಯಾಂಡು, ಎರಡು ಸೈಕಲ್, 45. ಉಳೀತು 90. ನೀರಿನ ಟ್ಯಾಂಕ್ ತುಂಬಿಸಿದರೆ ಅದೇ 100! ಬಟ್ಟೆ ಹಾಕೋ ಮುಂಚೆ, ಅಕ್ಕಿ ಇಡೋ ಮುಂಚೆ ಹತ್ತು ಕೆ.ಜಿ. ಜಾಸ್ತಿ.”

“ನೀರು 20 ಲೀಟರ್ ಇಟ್ಟುಕೊಂಡು ಹೋಗುದು, ಅಲ್ಲಿ ಹೋಗಿ ತುಂಬಿಸುದು,” ಅಂದರು ಭಟ್ರು. “ಆದ್ರೆ ಸೈಕಲ್ ಮಾತ್ರ ಹಡಗಿಗೆ ಕಿರಿಕಿರಿ. ಹಡಗಿನವರು ತೂಕ ಕೇಳುದಿಲ್ಲ, ಉದ್ದ ಕೇಳ್ತಾರೆ. ಸ್ಟ್ಯಾಂಡಿನ ತುದಿವರೆಗೂ. ಸುಳ್ಳು ಬರೆದ್ರೆ ಬಂದರದಲ್ಲಿ ಅಳೆದು ವ್ಯತ್ಯಾಸ ವಸೂಲಿ. ಮತ್ತೆ ಹಿಂಬದಿ ಉದ್ದ ಇದ್ದಷ್ಟೂ ಹಡಗಿನ ರ‍್ಯಾಂಪಿಗೆ ಬಾಲ ಉಜ್ಜುದು ಜಾಸ್ತಿ.”

“ಸ್ಪೇನಿನಾಗ ಸೈಕಲ್ ಹಿಂದ ಕೆಂಪು-ಬಿಳಿ ಪಟ್ಟಿ ಫಲಕನೂ ಬೇಕ್ರಿ, 50 ಸೆಂಟಿಮೀಟರ್ ಚೌಕ,” ಅಂದರು ಪಾಟೀಲ್ರು, ಸೋತವರ ಉದಾರತೆಯಲ್ಲಿ.

ಹೋಗುವಾಗ ಹಡಗು, ಬರುವಾಗ ರಸ್ತೆ ಅನ್ನೋ ಒಪ್ಪಂದಕ್ಕೆ ಬಂದದ್ದು ಯಾರ ಬಾಯಿಂದ ಅಂತ ಹೇಳೋದು ಕಷ್ಟ. ಹೋಗುವಾಗ ಗಾಡಿ ಭಾರ, ಮೈಯಲ್ಲಿ ಆಫೀಸಿನ ಸುಸ್ತು, ಓಡಿಸೋರಿಗೆ ನಿದ್ದೆ ಬೇಕು. ಬರುವಾಗ ಅಕ್ಕಿ ಮುಗಿದಿರುತ್ತೆ, ಪಾಟೀಲ್ರಿಗೆ ಎನ್10 ಬೇಕು. ಏಕಮುಖ ಟಿಕೆಟ್ ಸಿಗುತ್ತೆ. ರಾಯರು ಫೋನ್ ತೆಗೆದು ಬುಕಿಂಗ್ ಶುರು ಮಾಡಿದರು. ಮೊದಲ ಪ್ರಶ್ನೆ ವಾಹನದ ಉದ್ದ.

ಮಳೆ. ಭಟ್ರು ಬಂಪರಿಗೆ ಟೇಪಿನ ತುದಿ ಹಿಡಿದರು, ಪಾಟೀಲ್ರು ಕೊಡೆ, ರಾಯರು ಹಿಂದೆ ಬಗ್ಗಿ ಓದಿದರು. ಸ್ಟ್ಯಾಂಡ್ ಇಲ್ಲದೆ 6 ಮೀಟರ್ 98. ಸ್ಟ್ಯಾಂಡ್, ಸೈಕಲ್ ಸೇರಿ 7 ಮೀಟರ್ 80. ಫೋನಿನಲ್ಲಿ ದರ ಜಿಗಿಯಿತು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

“ಸೈಕಲ್ ಇಳಿಸಿ. ಗ್ರೈಂಡರ್‌ಗೆ ಉದ್ದ ಇಲ್ಲ.”